ಅಚೌರ್ಯವ್ರತವೂ ಮನೆಯ ಹಿಂದಿನ ಜಗಲಿಯೂ

ಪಂಚಾಣುವ್ರತಗಳಲ್ಲಿ ಮೂರನೆಯದಾದ ಅಚೌರ್ಯವು ಪಾಲಿಸಲು ಎಲ್ಲಕ್ಕಿಂತ ಸುಲಭವೆಂಬ ಭಾವನೆ ಅನೇಕ ಶ್ರಾವಕರಲ್ಲಿದೆ. ಪರರ ಗಂಟಿಗೆ ಕೈಹಾಕದಿದ್ದರೆ ಸಾಕು, ವ್ರತ ನಿರ್ವಿಘ್ನವಾಗಿ ನಡೆಯಿತೆಂದು ತಿಳಿಯುವುದುಂಟು. ಆದರೆ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ ಹೇಳಿರುವ ಐದು ಅತಿಚಾರಗಳು ಕನ್ನ ಹಾಕುವವನನ್ನು ಕುರಿತವಲ್ಲ. ಮರ್ಯಾದಸ್ಥ ವ್ಯವಹಾರಿಯನ್ನು ಕುರಿತವು. ಕಳವಿಗೆ ಪ್ರೇರಣೆ ನೀಡುವುದು, ಕದ್ದ ಮಾಲನ್ನು ಕೊಳ್ಳುವುದು, ವಿರುದ್ಧರಾಜ್ಯಾತಿಕ್ರಮ, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ನಕಲಿಯನ್ನು ಅಸಲಿಯೆಂದು ಸಾಗಿಸುವುದು ಇವೇ ಆ ಐದು. ಇವುಗಳಲ್ಲಿ ವಿರುದ್ಧರಾಜ್ಯಾತಿಕ್ರಮವನ್ನು ವಿವರಿಸುತ್ತ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ, ಉಚಿತವಾದ ನ್ಯಾಯಮಾರ್ಗವನ್ನು ಬಿಟ್ಟು ಅನ್ಯಮಾರ್ಗದಿಂದ ಕೊಡುವುದು ಕೊಳ್ಳುವುದು ಅತಿಕ್ರಮವೆಂದಿದ್ದಾರೆ. ರಾಜ್ಯದ ನಿಯಮವನ್ನು ಮೀರಿ ಲಾಭ ಮಾಡಿಕೊಳ್ಳುವುದೆಲ್ಲವೂ ಇದರಲ್ಲಿ ಅಡಗುತ್ತದೆಂದು ಇಂದಿನ ವಿದ್ವಾಂಸರು ಅರ್ಥಮಾಡುತ್ತಾರೆ.

ಅದೇ ಅಧ್ಯಾಯದಲ್ಲಿ ಈ ವ್ರತವನ್ನು ಗಟ್ಟಿಗೊಳಿಸುವ ಐದು ಭಾವನೆಗಳೂ ಇವೆ. ಅವುಗಳಲ್ಲಿ ಮೊದಲ ಮೂರು ವಾಸಸ್ಥಾನಕ್ಕೆ ಸಂಬಂಧಿಸಿದವು: ಗುಹೆ ಮೊದಲಾದ ಶೂನ್ಯಸ್ಥಾನದಲ್ಲಿ ಇರುವುದು, ಇತರರು ತೊರೆದ ಮನೆಯಲ್ಲಿ ಇರುವುದು, ತಾನಿರುವ ಸ್ಥಳದಲ್ಲಿ ಅನ್ಯರಿಗೆ ತಡೆಯೊಡ್ಡದಿರುವುದು. ಇವು ಮುನಿಗಳಿಗೆ ಹೇಳಿದ ಮಾತುಗಳೆಂಬುದು ನಿಜ. ಆದರೂ ಅಚೌರ್ಯದ ವಿಚಾರ ಬಂದಾಗ ಸೂತ್ರಕಾರರ ದೃಷ್ಟಿ ಮೊದಲು ಹೋದದ್ದು ತಲೆಯ ಮೇಲಿನ ಸೂರಿನ ಕಡೆಗೆ ಎಂಬುದನ್ನು ಗಮನಿಸಬೇಕು. ಮುನಿಯು ಕಟ್ಟುವುದಿಲ್ಲ, ಗೃಹಸ್ಥನು ಕಟ್ಟುತ್ತಾನೆ. ಆದುದರಿಂದ ಯಾರ ಅನುಮತಿಯಿಂದ, ಯಾರಿಗೆ ತೊಂದರೆಯಾಗದಂತೆ ಕಟ್ಟುತ್ತೇನೆ ಎಂಬ ಪ್ರಶ್ನೆ ಗೃಹಸ್ಥನದೇ.

ಈ ಪ್ರಶ್ನೆಯು ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ನೆಲೆಸಿರುವ ತುಳುನಾಡಿನ ಒಂದು ಜೈನ ಕುಟುಂಬಕ್ಕೆ ಎದುರಾದ ಬಗೆ ವಿಚಾರಯೋಗ್ಯವಾಗಿದೆ. 1983ರಲ್ಲಿ ಆಚಾರ್ಯ ಸುಶೀಲಕುಮಾರರು ಸ್ಥಾಪಿಸಿದ ಸಿದ್ಧಾಚಲಂ ಕ್ಷೇತ್ರ ಇರುವುದು ಆ ರಾಜ್ಯದಲ್ಲಿಯೇ. ಊರಿನಲ್ಲಿ ಅಕ್ಕಿಯ ಸಗಟು ವ್ಯಾಪಾರ ಮಾಡಿ ನಿವೃತ್ತರಾದ ತಂದೆಯೂ ತಾಯಿಯೂ ಆರು ತಿಂಗಳ ಮಟ್ಟಿಗೆ ಮಗನ ಮನೆಗೆ ಬಂದಿದ್ದರು. ಬೆಳಗಿನ ಸಾಮಾಯಿಕಕ್ಕೆ ಮತ್ತು ಸೂರ್ಯಾಸ್ತಕ್ಕೆ ಮುಂಚಿನ ಊಟಕ್ಕೆ ತಾಯಿಗೆ ಬಯಲಿನ ಬೆಳಕಿನಲ್ಲಿ ಒಂದು ಜಾಗವಿದ್ದರೆ ಚೆನ್ನೆಂದು ಮಗನಿಗೆ ತೋರಿತು. ಮನೆಯ ಹಿಂಬಾಗಿಲಿಗೆ ಹೊಂದಿಸಿ, ಮರದ ಕಂಬಗಳ ಮೇಲೆ ನಿಲ್ಲಿಸುವ ತೆರೆದ ಜಗಲಿಯನ್ನು ಅಲ್ಲಿ ಡೆಕ್ ಎನ್ನುತ್ತಾರೆ. ಹಿಂಬಾಗಿಲು ನೆಲದಿಂದ ಐದಡಿ ಎತ್ತರದಲ್ಲಿದ್ದುದರಿಂದ ಜಗಲಿಯೂ ಅಷ್ಟೇ ಎತ್ತರದಲ್ಲಿರಬೇಕಿತ್ತು. ಇಂತಹುದಕ್ಕೆ ಅಲ್ಲಿ ಸ್ಥಳೀಯ ಆಡಳಿತದ ಪರವಾನಗಿ ಅವಶ್ಯ. ಆದರೆ ಗುತ್ತಿಗೆದಾರನು, ಪರವಾನಗಿ ಇಲ್ಲದೆಯೇ ಒಂದು ವಾರದಲ್ಲಿ ಕೆಲಸ ಮುಗಿಸಿಕೊಡುವುದಾಗಿಯೂ, ಶುಲ್ಕ ಉಳಿಯುವುದಲ್ಲದೆ ಮನೆಯ ಮೌಲ್ಯ ಏರಿ ತೆರಿಗೆ ಹೆಚ್ಚುವುದೂ ತಪ್ಪುವುದೆಂದೂ ತಿಳಿಸಿದನು.

ಮಗನ ಮನಸ್ಸು ಆ ಕಡೆಗೆ ವಾಲಿತು. “ಹಿತ್ತಿಲಲ್ಲಿ ಕಟ್ಟುವುದನ್ನು ಯಾರು ನೋಡುತ್ತಾರೆ, ಅಪ್ಪಾ? ಅರ್ಜಿ, ನಕ್ಷೆ, ತಪಾಸಣೆ ಎಂದು ಹೊರಟರೆ ನೀವು ಊರಿಗೆ ಹೊರಡುವ ದಿನವೇ ಬಂದೀತು” ಎಂದನು. ಅವನ ಮಾತಿನಲ್ಲಿ ಲೋಭಕ್ಕಿಂತ ಮಾತೃಭಕ್ತಿಯೇ ಹೆಚ್ಚಾಗಿತ್ತು. ತಂದೆಯವರು ಗದರಲಿಲ್ಲ. “ಗಿರಾಕಿ ತಕ್ಕಡಿಯನ್ನೇ ನೋಡುತ್ತ ನಿಂತಾಗ ಎಲ್ಲರೂ ಸರಿಯಾಗಿಯೇ ತೂಗುತ್ತಾರೆ, ಮಗಾ. ಆ ಕಚೇರಿಯವರು ಏನೇನು ಕೇಳುತ್ತಾರೆ, ಯಾಕೆ ಕೇಳುತ್ತಾರೆ ಎಂದು ಮೊದಲು ಓದಿ ಹೇಳು. ಬೇಕೋ ಬೇಡವೋ ಆಮೇಲೆ ನೋಡುವ” ಎಂದರು.

ತಂದೆ ಮಗ ಇಬ್ಬರೂ ಕುಳಿತು ಓದಿದಾಗ ಮೊದಲು ಕಂಡದ್ದು ನೆರೆಯವರ ಹಕ್ಕು. ನಿವೇಶನದ ಸರ್ವೆ ನಕ್ಷೆಯ ಮೇಲೆ ಜಗಲಿಯನ್ನು ಗುರುತಿಸಿ, ಪ್ರತಿಯೊಂದು ಗಡಿಗೂ ಎಷ್ಟು ಅಂತರವಿದೆಯೆಂದು ತೋರಿಸಬೇಕಿತ್ತು. ಮಗನು ಬಯಸಿದಂತೆ ಹದಿನಾರಡಿ ಅಗಲಕ್ಕೆ ಹದಿನಾರಡಿ ಮುಂದೆ ಚಾಚಿದರೆ ಹಿಂಗಡೆ ಬಿಡಬೇಕಾದ ಜಾಗ ಸಾಲುತ್ತಿರಲಿಲ್ಲ. ವಿನಾಯಿತಿ ಬೇಕೆಂದರೆ ನ್ಯೂಜೆರ್ಸಿಯ ಕಾನೂನಿನಂತೆ 200 ಅಡಿಯೊಳಗಿನ ಎಲ್ಲ ಆಸ್ತಿಗಳ ಒಡೆಯರಿಗೂ ಕನಿಷ್ಠ 10 ದಿನ ಮುಂಚಿತವಾಗಿ ತಿಳಿವಳಿಕೆ ಕೊಟ್ಟು, ಬಹಿರಂಗ ವಿಚಾರಣೆಯಲ್ಲಿ ಅವರ ಆಕ್ಷೇಪಗಳಿಗೆ ಉತ್ತರಿಸಬೇಕು. ಅನ್ಯರಿಗೆ ತಡೆಯೊಡ್ಡದಿರುವ ಭಾವನೆಯೇ ಇಲ್ಲಿ ಕಾನೂನಿನ ರೂಪ ತಾಳಿತ್ತು. ವಿನಾಯಿತಿ ಕೇಳುವುದು ತಪ್ಪಲ್ಲ. ಆದರೂ ತಂದೆಯವರ ಸೂಚನೆಯಂತೆ ಮಗನು ಜಗಲಿಯ ಚಾಚನ್ನು ಹನ್ನೆರಡು ಅಡಿಗೆ ಇಳಿಸಿದನು. ಕ್ಷೇತ್ರ ವಾಸ್ತುಗಳಿಗೆ ಮಿತಿ ಹಾಕಿಕೊಳ್ಳುವ ಪರಿಗ್ರಹಪರಿಮಾಣಕ್ಕೂ ಅದು ಒಪ್ಪಿತು.

ಎರಡನೆಯದು ಅಳತೆಯ ವಿಚಾರ. ಆ ಪ್ರದೇಶದಲ್ಲಿ ಚಳಿಗಾಲಕ್ಕೆ ನೆಲದೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿ, ಆಳವಿಲ್ಲದ ಅಡಿಪಾಯವನ್ನು ಮೇಲಕ್ಕೆತ್ತುತ್ತದೆ. ಆದುದರಿಂದ ಕಂಬದ ಗುಂಡಿಗಳು ಸುಮಾರು ಮೂರು ಅಡಿ ಆಳವಿರಬೇಕು. ಕಾಂಕ್ರೀಟು ಸುರಿಯುವ ಮೊದಲು ತಪಾಸಣಾಧಿಕಾರಿ ಬಂದು ನೋಡಬೇಕು. ಮನೆಯ ಗೋಡೆಗೆ ಜಗಲಿಯನ್ನು ಬಂಧಿಸುವ ಹಲಗೆಯನ್ನು ಬರಿಯ ಮೊಳೆಗಳಿಂದ ಹೊಡೆಯಬಾರದು, ಬೋಲ್ಟುಗಳಿಂದ ಬಿಗಿಯಬೇಕು. ಜಗಲಿ ನೆಲದಿಂದ 30 ಅಂಗುಲಕ್ಕಿಂತ ಎತ್ತರದಲ್ಲಿದ್ದರೆ ಅಂಚಿಗೆ 36 ಅಂಗುಲದ ಕಂಬಿಸಾಲು ಬೇಕು. ಅದರ ಸಂದುಗಳಲ್ಲಿ ನಾಲ್ಕು ಅಂಗುಲದ ಚೆಂಡು ತೂರಬಾರದು, ಏಕೆಂದರೆ ಮಗುವಿನ ತಲೆ ಸಿಕ್ಕೀತು. ಜನರ ಮತ್ತು ಸಾಮಾನುಗಳ ಭಾರವೆಂದು ಪ್ರತಿ ಚದರಡಿಗೆ 40 ಪೌಂಡು ತಡೆಯುವ ಶಕ್ತಿ ಇರಬೇಕು. ಹದಿನಾರು ಹನ್ನೆರಡರ ಜಗಲಿಗೆ 192 ಚದರಡಿ, ಅಂದರೆ 7,680 ಪೌಂಡು, ಸುಮಾರು 3,480 ಕಿಲೋ. ತಂದೆಯವರು ಒಡನೆಯೇ ತಮ್ಮ ಲೆಕ್ಕಕ್ಕೆ ತಿರುಗಿಸಿಕೊಂಡರು: ಐವತ್ತು ಕಿಲೋದ ಸುಮಾರು ಎಪ್ಪತ್ತು ಅಕ್ಕಿಮೂಟೆ. ಅಷ್ಟು ಭಾರವನ್ನು ಗಾಳಿಯಲ್ಲಿ ನಿಲ್ಲಿಸುವಾಗ ಯಾರನ್ನೂ ಕೇಳಬೇಕಿಲ್ಲವೆಂದು ಹೇಳುವುದು ಹೇಗೆಂದು ಅವರು ಕೇಳಿದರು.

ಮಣ್ಣಿನಡಿ ಮೂರಡಿಯ ಬದಲು ಒಂದೂವರೆ ಅಡಿ ಅಗೆದು ಮುಚ್ಚಿದರೆ ಅದು ತೂಕದಲ್ಲಿ ಕಡಿಮೆ ಕೊಟ್ಟಂತೆಯೇ. ಪರವಾನಗಿಯಿಲ್ಲದ ಜಗಲಿಯನ್ನು ಮರೆಮಾಚಿ ಮುಂದೆ ಮನೆಯನ್ನು ಮಾರಿದರೆ ಅದು ನಕಲಿಯನ್ನು ಅಸಲಿಯೆಂದು ಸಾಗಿಸಿದಂತೆಯೇ. ಇಲ್ಲಿ ಕದ್ದದ್ದು ಶುಲ್ಕದ ಹಣ ಮಾತ್ರವಲ್ಲ. ಆ ಹಲಗೆಗಳ ಮೇಲೆ ಕಾಲಿಡುವ ಅತಿಥಿಯು, ಇದು ಗಟ್ಟಿಯಾಗಿದೆಯೆಂಬ ವಿಶ್ವಾಸವನ್ನು ಕಟ್ಟಿದವನ ಕೈಗೆ ಒಪ್ಪಿಸಿರುತ್ತಾನೆ. ಅರ್ಹತೆಯಿಲ್ಲದೆ ಆ ವಿಶ್ವಾಸವನ್ನು ಪಡೆಯುವುದು ಅದತ್ತಾದಾನವೇ.

ಇದು ಕೇವಲ ತರ್ಕವಲ್ಲ. 2003ರ ಜೂನ್ 29ರಂದು ಶಿಕಾಗೋ ನಗರದಲ್ಲಿ ಒಂದು ವಸತಿಗೃಹದ ಹಿಂದಿನ ಮರದ ಜಗಲಿ ಜನರು ತುಂಬಿದ್ದಾಗ ಕುಸಿದು 13 ಮಂದಿ ಮಡಿದರು. ಅದನ್ನು ಪರವಾನಗಿ ಪಡೆಯದೆ ಕಟ್ಟಲಾಗಿತ್ತೆಂದು ನಗರಾಡಳಿತ ತಿಳಿಸಿತು. ಹಾಗೆಂದು ಪರವಾನಗಿಯ ಕಾಗದವೇ ರಕ್ಷಾಕವಚವೆಂದು ಭ್ರಮಿಸಬಾರದು. 2015ರ ಜೂನ್ 16ರಂದು ಕ್ಯಾಲಿಫೋರ್ನಿಯದ ಬರ್ಕಲಿಯಲ್ಲಿ, ನೀರು ಸೇರಿ ಒಳಗೊಳಗೇ ಕೊಳೆತಿದ್ದ ಬಾಲ್ಕನಿ ಮುರಿದು ಆರು ಮಂದಿ ತರುಣ ತರುಣಿಯರು ಸತ್ತರು. ಅನಂತರ 2018ರಲ್ಲಿ ಆ ರಾಜ್ಯವು ಬಹುವಸತಿ ಕಟ್ಟಡಗಳ ಇಂತಹ ಭಾಗಗಳನ್ನು ಕಾಲಕಾಲಕ್ಕೆ ಪರೀಕ್ಷಿಸಬೇಕೆಂದು ಕಾನೂನು ಮಾಡಿತು. ಹಿಂಸೆಯ ಲಕ್ಷಣವನ್ನು ಹೇಳುವಾಗ ಸೂತ್ರಕಾರರು ಪ್ರಮಾದವನ್ನೇ ಮುಂದಿಟ್ಟಿದ್ದಾರೆ. ಅನುಮತಿ ಕೇಳುವುದು ಅಪ್ರಮಾದದ ಆರಂಭ ಮಾತ್ರ. ಅನಂತರವೂ ಯತ್ನಾಚಾರ ಮುಂದುವರಿಯಬೇಕು.

ಆ ಕುಟುಂಬವು ವಿಧಿಯಂತೆ ಅರ್ಜಿ ಹಾಕಿತು. ಪೂರ್ಣವಾದ ಅರ್ಜಿಯ ಮೇಲೆ ಕಚೇರಿಯು 20 ಕೆಲಸದ ದಿನಗಳೊಳಗೆ ನಿರ್ಣಯ ತಿಳಿಸಬೇಕೆಂಬುದು ಅಲ್ಲಿಯ ನಿಯಮ. ನಕ್ಷೆ ಒಮ್ಮೆ ತಿದ್ದುಪಡಿಗಾಗಿ ಹಿಂದಿರುಗಿತು. ಗುತ್ತಿಗೆದಾರನು ಬೇರೆ ಕೆಲಸ ಹಿಡಿದನು, ಇನ್ನೊಬ್ಬನನ್ನು ಹುಡುಕಬೇಕಾಯಿತು. ಬೇಸಿಗೆಯ ಹೆಚ್ಚಿನ ಭಾಗ ಕಾಯುವುದರಲ್ಲಿಯೇ ಕಳೆದು, ತಾಯಿಯವರು ಆ ಜಗಲಿಯಲ್ಲಿ ಕುಳಿತು ಸಾಮಾಯಿಕ ಮಾಡಿದ್ದು ಕೊನೆಯ ಮೂರು ವಾರ ಮಾತ್ರ. ನಷ್ಟವೇ ಆಗಲಿಲ್ಲವೆಂದು ಹೇಳುವುದು ಸತ್ಯಕ್ಕೆ ದೂರ. ಆದರೆ ಯಾವ ವ್ರತವೂ ವೆಚ್ಚವಿಲ್ಲದೆ ನಡೆದದ್ದಿಲ್ಲ.

ದೂರದೇಶದ ಈ ಪ್ರಸಂಗ ಕರ್ನಾಟಕದ ಬಸದಿಗಳ ಆಡಳಿತ ಮಂಡಳಿಗಳಿಗೂ ಸಲ್ಲುತ್ತದೆ. ಶ್ರವಣಬೆಳಗೊಳದಲ್ಲಿ 2018ರ ಮಹಾಮಸ್ತಕಾಭಿಷೇಕದ ಸಮಯದಲ್ಲಿ ಬಾಹುಬಲಿಯ ಹಿಂದೆ ಎತ್ತಿದ ಅಟ್ಟಣಿಗೆಯನ್ನು ಕಂಡವರಿಗೆ, ಭಕ್ತರು ಎಷ್ಟು ನಿಶ್ಚಿಂತೆಯಿಂದ ಅದನ್ನೇರುತ್ತಾರೆಂಬುದು ಗೊತ್ತು. 2025ರ ಜನವರಿ 28ರಂದು ಉತ್ತರಪ್ರದೇಶದ ಬಡೌತ್‌ನಲ್ಲಿ ಆದಿನಾಥ ಸ್ವಾಮಿಯ ನಿರ್ವಾಣ ಮಹೋತ್ಸವಕ್ಕೆಂದು ಕಟ್ಟಿದ್ದ ಮರದ ವೇದಿಕೆ ಕುಸಿದು ಏಳು ಮಂದಿ ಅಸುನೀಗಿದರು. ಅಲ್ಲಿಯ ತಪ್ಪು ಯಾರದೆಂಬ ತೀರ್ಮಾನ ಇಲ್ಲಿಯ ವಿಷಯವಲ್ಲ. ಆದರೆ ಭಕ್ತಿಯು ಕಂಬಕ್ಕೆ ಬಲ ಕೊಡುವುದಿಲ್ಲವೆಂಬುದಂತೂ ನಿಶ್ಚಯ.

ಧರ್ಮಕಾರ್ಯಕ್ಕೆ ಪರವಾನಗಿಯ ಹಂಗೇಕೆಂಬ ಮಾತು ಭೋಜನಶಾಲೆ, ಯಾತ್ರಿನಿವಾಸ, ಮಂಟಪಗಳ ನಿರ್ಮಾಣದ ಸಂದರ್ಭದಲ್ಲಿ ಆಗಾಗ ಕೇಳಿಬರುತ್ತದೆ. ಬಸದಿಯ ಹೊಸ್ತಿಲಲ್ಲಿ ಪ್ರತಿಯೊಬ್ಬ ಶ್ರಾವಕನೂ ಮೂರು ಬಾರಿ ‘ನಿಸ್ಸಹಿ’ ಎನ್ನುತ್ತಾನೆ. ಅಲ್ಲಿ ಮೊದಲೇ ಇರುವವರ ಅನುಮತಿ ಬೇಡುವ ಅರ್ಥವೂ ಆ ಮಾತಿಗಿದೆ. ಕಣ್ಣಿಗೆ ಕಾಣದ ದೇವತೆಗಳ ಅನುಮತಿ ಕೇಳುವ ಸಮಾಜವು ಪಕ್ಕದ ಮನೆಯವರನ್ನೂ ಪಂಚಾಯಿತಿಯನ್ನೂ ಕೇಳಲು ಸಂಕೋಚಪಡಬೇಕಿಲ್ಲ. ಕೈಬಿಸಿ ಮಾಡಿ ತಂದ ಕಾಗದ ಅನುಮತಿಯಲ್ಲ. ಅದು ಕೊಂಡ ಮಾಲು. ನಕ್ಷೆ ಮಂಜೂರಾಗಿದೆಯೇ, ಭಾರದ ಲೆಕ್ಕಕ್ಕೆ ಅರ್ಹ ಇಂಜಿನಿಯರರು ಸಹಿ ಮಾಡಿದ್ದಾರೆಯೇ, ನೆರೆಯವರ ಗಾಳಿ ಬೆಳಕುಗಳಿಗೆ ಅಡ್ಡಿಯಾಗಿಲ್ಲವಷ್ಟೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಶಿಲಾನ್ಯಾಸದ ಮುಹೂರ್ತವನ್ನು ಗೊತ್ತುಮಾಡುವುದು ಎಲ್ಲ ಮಂಡಳಿಗಳಿಗೂ ಶ್ರೇಯಸ್ಕರ.