ಕಾವೇರಿ ದಂಡೆಯ ಡೇರೆಯಲ್ಲಿ ಒಂದು ರಾತ್ರಿ

ಯುಗಾದಿ ಮುಗಿಯಿತು, ಮಗಳ ಪಿ.ಯು.ಸಿ. ಪರೀಕ್ಷೆಯೂ ಮುಗಿಯಿತು. ಇನ್ನು ಅವಳು ಹಾಸ್ಟೆಲಿಗೆ. "ಅಮ್ಮಾ, ಒಂದು ರಾತ್ರಿಯಾದ್ರೂ ನಾವಿಬ್ಬರೇ ಎಲ್ಲಾದ್ರೂ ಹೋಗೋಣ" ಎಂದಳು. ಅತ್ತೆಯವರು ಹಾಸಿಗೆ ಹಿಡಿದಿದ್ದರು. ನಾದಿನಿ ಬಂದಿದ್ದರಿಂದ ಅವರೇ "ಹೋಗಿ ಬಾರಮ್ಮ" ಎಂದು ಕಳುಹಿಸಿದರು.

ಭೀಮೇಶ್ವರಿ ಬೆಂಗಳೂರಿನಿಂದ ಸುಮಾರು 100 ಕಿ.ಮೀ. ಕನಕಪುರ, ಹಲಗೂರು ದಾಟಿದರೆ ಕಾಡು. 1987ರಲ್ಲಿ ಘೋಷಿಸಿದ ಕಾವೇರಿ ವನ್ಯಧಾಮ. ಹೊಳೆಯ ಪಕ್ಕದಲ್ಲೇ ನಮ್ಮ ಡೇರೆ. ಹೊಳೆಮತ್ತಿ ಮರಗಳ ತಂಪು ನೆರಳು, ಕೊಂಬೆಯ ಮೇಲೆ ಬೂದು ಬಣ್ಣದ ದೊಡ್ಡ ಅಳಿಲು. ನೀರು ಕಂಡರೆ ಇಳಿಯುವ ಆಸೆಯಾಗುತ್ತೆ. ಆದರೆ ಮೊಸಳೆಗಳಿವೆ, ದಂಡೆಯಲ್ಲೇ ಕೂತು ನೋಡಬೇಕು.

ಕತ್ತಲಾಯಿತು. ಚಪಾತಿ, ಚಟ್ನಿಪುಡಿ ತಿಂದು ಮಲಗಿದೆವು. ಹೊಳೆಯ ಸದ್ದಿನ ನಡುವೆ ಮಗಳು ಮೆಲ್ಲಗೆ ಕೇಳಿದಳು: "ನಾನು ದಸರಾ ರಜಕ್ಕೆ ಬರೋತನಕ ಅಜ್ಜಿ ಇರ್ತಾರಾ ಅಮ್ಮಾ?" ಏನು ಹೇಳಲಿ? ಅವಳ ಕೈ ಹಿಡಿದುಕೊಂಡೆ. ಮನೆಯಲ್ಲಾಗಿದ್ದರೆ ಕುಕ್ಕರಿನ ಸೀಟಿ, ಟಿ.ವಿ. ಗದ್ದಲದಲ್ಲಿ ಈ ಮಾತು ಅವಳ ಬಾಯಿಂದ ಬರುತ್ತಲೇ ಇರಲಿಲ್ಲ.

ಮರುದಿನ ಹತ್ತಿರದ ಮುತ್ತತ್ತಿಗೆ ಹೋದೆವು. ಸೀತಮ್ಮನ ಮುತ್ತು ಹೊಳೆಗೆ ಬಿದ್ದಾಗ ಹನುಮಂತ ಬಾಲದಿಂದ ಎತ್ತಿಕೊಟ್ಟನಂತೆ. ಅದಕ್ಕೇ ಅವನು ಮುತ್ತೆತ್ತರಾಯ. ಅಜ್ಜಿಗೆಂದು ಮಗಳು ಪ್ರಸಾದ ಕಟ್ಟಿಕೊಂಡಳು.

ನೀವೂ ಹೋಗುವುದಾದರೆ ಡೇರೆ ಮೊದಲೇ ಕಾದಿರಿಸಿ, ಟಾರ್ಚ್ ಮರೆಯಬೇಡಿ. ಮಕ್ಕಳು ಮನೆ ಬಿಡುವ ಮುಂಚೆ ಒಂದು ರಾತ್ರಿ ಅವರ ಮಾತಿಗೇ ಎಂದು ಎತ್ತಿಡಿ.