ಕಬಡ್ಡಿ ಆಡಿ ಜೀವನ ಮಾಡಬಹುದಾ, ಸಾರ್?

ವಿಜ್ಞಾನ ಪಾಠಕ್ಕೆ ಮಕ್ಕಳ ಊರಿನಲ್ಲೇ ಉದಾಹರಣೆ ಹುಡುಕಿ ಎಂದು ನಮ್ಮ ಬೋಧನಾ ವಿಧಾನದ ಉಪನ್ಯಾಸಕರು ಹೇಳುತ್ತಲೇ ಇರುತ್ತಾರೆ. ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಮಂಡ್ಯ ಜಿಲ್ಲೆಯ ಒಂದು ಪ್ರೌಢಶಾಲೆ. ಅಲ್ಲಿ ಹೆಚ್ಚು ಹುಡುಕಬೇಕಾಗಲಿಲ್ಲ. ಹಬ್ಬವೋ ಜಾತ್ರೆಯೋ ಬಂದರೆ ಕಬಡ್ಡಿ ಪಂದ್ಯಾವಳಿ ಇದ್ದೇ ಇರುತ್ತದೆ. ಹತ್ತನೆಯ ತರಗತಿಗೆ ‘ಜೀವಕ್ರಿಯೆಗಳು’ ಘಟಕದಲ್ಲಿ ಉಸಿರಾಟ ಹೇಳುವಾಗ ಕಬಡ್ಡಿಯನ್ನೇ ಇಟ್ಟುಕೊಂಡೆ. ರೈಡರ್‌ಗೆ ಇರುವುದು 30 ಸೆಕೆಂಡು. ಎದುರಿಗೆ ಏಳು ಜನ. ಅಷ್ಟರಲ್ಲಿ ಮುಟ್ಟಿ, ತಪ್ಪಿಸಿಕೊಂಡು, ಮಧ್ಯದ ಗೆರೆ ಸೇರಬೇಕು. ಸ್ನಾಯುಗಳಿಗೆ ಬೇಕಾದಷ್ಟು ಆಮ್ಲಜನಕ ತಲುಪದಿದ್ದಾಗ ಗ್ಲೂಕೋಸ್ ಲ್ಯಾಕ್ಟಿಕ್ ಆಮ್ಲವಾಗುತ್ತದೆ ಎಂದಾಗ, ತರಗತಿ ಎಂದೂ ಇಲ್ಲದಷ್ಟು ಗಮನವಿಟ್ಟು ಕೇಳಿತು.

ಪಾಠ ಮುಗಿದ ಮೇಲೆ ಶಾಲಾ ತಂಡದ ಹುಡುಗನೊಬ್ಬ ಉಳಿದುಕೊಂಡ. “ಸಾರ್, ಕಬಡ್ಡಿ ಆಡಿ ಜೀವನ ಮಾಡಬಹುದಾ?” ಎಂದ. ನನ್ನ ಪಾಠಯೋಜನೆಯ ನಿರೀಕ್ಷಿತ ಪ್ರಶ್ನೆಗಳ ಕಾಲಂನಲ್ಲಿ ಇದಿರಲಿಲ್ಲ. ಎರಡು ದಿನ ಸಮಯ ಕೊಡು ಎಂದೆ. ನಾನೂ ಪದವಿಯಲ್ಲಿ ಕಾಲೇಜು ತಂಡಕ್ಕೆ ಆಡಿದವನು. ಈ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡು ಬಿ.ಇಡಿ.ಗೆ ಬಂದವನು. ಆದರೆ ನನ್ನ ತೀರ್ಮಾನವನ್ನು ಅವನ ಮೇಲೆ ಹೇರುವುದು ಸರಿಯಲ್ಲ ಅನಿಸಿತು.

ಎರಡು ದಿನ ಬಿಟ್ಟು, ಅವನ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ನಡುವೆ ಒಂದು ಗೆರೆ ಎಳೆದೆವು. ಎಡಗಡೆ ಸಿಗುವುದು, ಬಲಗಡೆ ಕೊಡಬೇಕಾದದ್ದು.

ಸಿಗುವುದನ್ನು ಅವನೇ ಹೇಳಿದ. ಪವನ್ ಸೆಹ್ರಾವತ್ ಹೆಸರು ಮೊದಲು ಬಂತು. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಪ್ರೊ ಕಬಡ್ಡಿ ಗೆದ್ದ ಫೈನಲ್‌ನಲ್ಲಿ ಅವರು ಒಬ್ಬರೇ ತಂದದ್ದು 22 ಅಂಕ. ತಂಡದ ಒಟ್ಟು ಅಂಕ 38. ಹತ್ತನೆಯ ಆವೃತ್ತಿಯ ಹರಾಜಿನಲ್ಲಿ ಅವರಿಗೆ 2.6 ಕೋಟಿ ರೂಪಾಯಿಗೂ ಹೆಚ್ಚು ಬೆಲೆ ಬಂತು. 2014ರ ಮೊದಲ ಹರಾಜಿನಲ್ಲಿ ಅತಿ ಹೆಚ್ಚಿನ ಬೆಲೆ 12.80 ಲಕ್ಷ ಮಾತ್ರ ಇತ್ತು. ಹುಡುಗನ ಕನಸಿಗೆ ಕಾರಣವಿದೆ. ಅದನ್ನು ಹುಚ್ಚು ಎನ್ನುವಂತಿಲ್ಲ.

ಬಲಗಡೆಯದನ್ನು ನಾನು ಬರೆಸಿದೆ. ಮೊದಲು ಲೆಕ್ಕ. ಲೀಗಿನಲ್ಲಿ 12 ತಂಡ. ಒಂದೊಂದರಲ್ಲಿ 25 ಜನ ಎಂದಿಟ್ಟುಕೊಂಡರೂ ದೇಶಕ್ಕೆಲ್ಲ 300 ಜನ. ಕೋಟಿ ಮುಟ್ಟುವವರು ಅದರಲ್ಲಿ ಕೆಲವೇ ಮಂದಿ. ಲೀಗ್ ನಡೆಯುವುದು ವರ್ಷದಲ್ಲಿ ಕೆಲವು ತಿಂಗಳು, ಅಭ್ಯಾಸ ವರ್ಷವಿಡೀ. ಮೂವತ್ತೈದು ದಾಟಿದ ಮೇಲೆ ಮ್ಯಾಟ್ ಮೇಲೆ ಉಳಿಯುವವರು ವಿರಳ. ಸಂಬಳದ ನೌಕರಿಯಲ್ಲಿ ಅದು ಇನ್ನೂ ಅರ್ಧ ದಾರಿ.

ಆಮೇಲೆ ದೇಹ. ಇದೇ ಪವನ್ 2022ರಲ್ಲಿ ತಮಿಳ್ ತಲೈವಾಸ್ ಪರ ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಇಡೀ ಆವೃತ್ತಿ ಹೊರಗುಳಿದರು. ಮೂಳೆಗೆ ಮೂಳೆ ಕಟ್ಟುವ ಅಸ್ಥಿರಜ್ಜುವನ್ನು ಒಂಬತ್ತನೆಯ ತರಗತಿಯಲ್ಲಿ ಓದಿರುತ್ತೇವೆ. ಪಾದ ಊರಿಕೊಂಡಿರುವಾಗ ಮೈ ತಟ್ಟನೆ ತಿರುಗಿದರೆ ಹರಿಯುವುದು ಅದೇ. ಪವನ್ ಮರಳಿ ಬಂದು ಮರುವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ನಾಯಕರಾಗಿ ಚಿನ್ನ ಗೆದ್ದರು. ನಮ್ಮ ಕಾಲೇಜು ತಂಡದ ಒಬ್ಬ ಒಳ್ಳೆಯ ರೈಡರ್‌ಗೂ ಅದೇ ಮೊಣಕಾಲಿನ ಪೆಟ್ಟು ಬಿತ್ತು. ಶಸ್ತ್ರಚಿಕಿತ್ಸೆಗೆ ಅವರ ಮನೆಯವರು ಎರಡು ಹಸು ಮಾರಿದರು. ಅವನು ಮತ್ತೆ ಆಡಲಿಲ್ಲ. ಹೆಸರು ಮಾಡಿದವರ ಹಿಂದೆ ವೈದ್ಯರು, ಫಿಸಿಯೋ, ಕಾಯುವ ತಂಡ ಎಲ್ಲ ಇರುತ್ತದೆ. ಊರಿನ ಹುಡುಗನ ಹಿಂದೆ ಮನೆಯವರು ಮಾತ್ರ.

ಮರುವಾರ ಹುಡುಗನ ತಾಯಿ ಶಾಲೆಗೆ ಬಂದಿದ್ದರು. “ಕಾಲು ಮುರ್ಕಂಡ್ರೆ ಯಾರು ನೋಡ್ತಾರೆ ಸಾ? ನೀವೇ ಬುದ್ಧಿ ಹೇಳಿ, ಆಟ ಬುಟ್ಟು ಓದ್ಲಿ” ಎಂದರು. ಅವರ ಭಯ ನ್ಯಾಯವಾದದ್ದೇ. ಆಟ ಬಿಡು ಎನ್ನಲು ನನಗೆ ಬಾಯಿ ಬರಲಿಲ್ಲ. ಓದು ಮತ್ತು ಆಟ ಒಂದಕ್ಕೊಂದು ಶತ್ರುವಲ್ಲ ಎಂದೆ. ರೈಲ್ವೆಯಂಥ ಕಡೆ ಕ್ರೀಡಾ ಕೋಟಾದಲ್ಲಿ ಕೆಲಸ ಸಿಗುತ್ತದೆ, ಆದರೆ ಅಲ್ಲಿಯೂ ಅಂಕಪಟ್ಟಿ ಕೇಳುತ್ತಾರೆ ಎಂದು ವಿವರಿಸಿದೆ. ಆಟ ನಿಂತ ಮೇಲೂ ದಾರಿ ಮುಚ್ಚುವುದಿಲ್ಲ ಎಂಬುದಕ್ಕೆ ನಮ್ಮ ರಾಜ್ಯದ ಬಿ.ಸಿ. ರಮೇಶ್ ಅವರನ್ನು ಹೆಸರಿಸಿದೆ. ಆಟಗಾರರಾಗಿ ಅರ್ಜುನ ಪ್ರಶಸ್ತಿ ಪಡೆದ ಅವರು ತರಬೇತುದಾರರಾಗಿ ಬೆಂಗಾಲ್ ವಾರಿಯರ್ಸ್ ಮತ್ತು ಪುಣೇರಿ ಪಲ್ಟನ್ ತಂಡಗಳನ್ನು ಪ್ರೊ ಕಬಡ್ಡಿ ಚಾಂಪಿಯನ್ ಮಾಡಿದ್ದಾರೆ.

ತಾಯಿ ಪೂರ್ತಿ ಒಪ್ಪಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಸಂಜೆ ಒಂದು ಗಂಟೆ ಆಟ, ಆಮೇಲೆ ಓದು ಎಂಬಲ್ಲಿಗೆ ಮಾತು ನಿಂತಿತು. ದೈಹಿಕ ಶಿಕ್ಷಕರು ಆ ಒಂದು ಗಂಟೆಯಲ್ಲಿ ಮೊಣಕಾಲು, ತೊಡೆ ಗಟ್ಟಿ ಮಾಡುವ ವ್ಯಾಯಾಮಕ್ಕೂ ಸಮಯ ಇಡುತ್ತೇನೆಂದು ಒಪ್ಪಿದರು. ಹುಡುಗನ ಮುಂದಿನ ದಾರಿ ಏನಾಗುತ್ತದೋ ಹೇಳಲಾರೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು. ನಾವು ಹೋಗುವ ಪ್ರತಿ ಶಾಲೆಯಲ್ಲೂ ಇಂಥ ಒಬ್ಬ ಹುಡುಗನೋ ಹುಡುಗಿಯೋ ಇರುತ್ತಾರೆ. “ನೀನು ಖಂಡಿತ ಆಗುತ್ತೀಯ” ಎಂದು ಹುರಿದುಂಬಿಸುವುದು ಸುಲಭ, “ಇದೆಲ್ಲ ಆಗಹೋಗದ ಮಾತು” ಎನ್ನುವುದು ಅದಕ್ಕಿಂತ ಸುಲಭ. ಎರಡರಲ್ಲೂ ಮಗು ಯೋಚಿಸುವುದಕ್ಕೆ ಏನೂ ಸಿಗುವುದಿಲ್ಲ. ಲೆಕ್ಕ ನಾವು ತೋರಿಸೋಣ, ದೇಹದ ವಿಜ್ಞಾನ ಹೇಳಿಕೊಡೋಣ, ದೈಹಿಕ ಶಿಕ್ಷಕರನ್ನೂ ಮನೆಯವರನ್ನೂ ಮಾತಿಗೆ ಕೂರಿಸೋಣ. ಆಡಬೇಕೋ ಬೇಡವೋ ಎಂಬುದನ್ನು ಅವರೇ ನಿರ್ಧರಿಸಲಿ.