ಮನಕ್ಕೂ ಬೇಕು ನಿತ್ಯಾಭ್ಯಾಸ

ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿದ್ದಾಗ ನಸುಕಿನಲ್ಲೆದ್ದು ದಂಡ, ಬೈಠಕ್ ಹೊಡೆಯುವುದು ಕಡ್ಡಾಯವಾಗಿತ್ತು. ಬಳಿಕ ಸ್ನಾನ, ಇಷ್ಟಲಿಂಗಾರ್ಚನೆ, ಪಾಠ. ದೇಹಕ್ಕೆ ವ್ಯಾಯಾಮ ಬೇಕೆಂಬುದನ್ನು ಅಂದೇ ಅರಿತೆನು. ಮನಸ್ಸಿಗೂ ಅಂತಹುದೇ ಅಭ್ಯಾಸ ಬೇಕೆಂದು ತಿಳಿಯಲು ಅರವತ್ತು ದಾಟಬೇಕಾಯಿತು.

ಕಳೆದ ಶ್ರಾವಣದಲ್ಲಿ ಮೊಮ್ಮಗಳು ತನ್ನ ಮೊಬೈಲಿನಲ್ಲಿ ಧ್ಯಾನದ ಧ್ವನಿಮುದ್ರಿಕೆಯೊಂದನ್ನು ಹಚ್ಚಿ, "ಮುತ್ಯಾ, ಕಣ್ಣು ಮುಚ್ಚಿ ಇದನ್ನ ಕೇಳ್ರಿ" ಎಂದಳು. ಅದು ಬೌದ್ಧರ ಮೈತ್ರೀ ಭಾವನೆ. ಪಾಲಿ ಭಾಷೆಯಲ್ಲಿ ಮೆತ್ತಾ. ಐದನೆಯ ಶತಮಾನದ ಬುದ್ಧಘೋಷನು ತನ್ನ 'ವಿಸುದ್ಧಿಮಗ್ಗ'ದಲ್ಲಿ ಅದರ ಕ್ರಮವನ್ನು ವಿವರಿಸಿದ್ದಾನೆ. ಮೊದಲು ತನಗೆ, ಬಳಿಕ ಪ್ರಿಯರಿಗೆ, ಅನಂತರ ಪ್ರೀತಿಯೂ ದ್ವೇಷವೂ ಇಲ್ಲದ ಮಧ್ಯಸ್ಥರಿಗೆ, ಕೊನೆಗೆ ವೈರಿಗೆ ಒಳಿತನ್ನು ಬಯಸಬೇಕು. ಇದು ನಮ್ಮ ನೆಲಕ್ಕೆ ಹೊಸದಲ್ಲ. ಇದೇ ಭೀಮಾ ತೀರದ ಸನ್ನತಿಯಲ್ಲಿ 1986ರಲ್ಲಿ ಅಶೋಕನ ಶಾಸನ ದೊರೆಯಿತು. ಪಕ್ಕದ ಕನಗನಹಳ್ಳಿಯಲ್ಲಿ ಮಹಾಸ್ತೂಪವೇ ಬೆಳಕಿಗೆ ಬಂದಿತು. ಇನ್ನು ಶರಣರ ವಚನಗಳಲ್ಲಿ ದಯೆಗಿರುವ ಸ್ಥಾನವನ್ನು ಓದುಗ ಬಂಧುಗಳಿಗೆ ಹೇಳಬೇಕಾಗಿಲ್ಲ.

ಧ್ವನಿ ಹೇಳಿದಂತೆ ಕುಳಿತೆನು. ನನಗೆ ನಾನೇ ಒಳಿತು ಬಯಸುವಾಗ ಸಂಕೋಚವಾಯಿತು. ಅವ್ವನನ್ನು ನೆನೆದಾಗ ಕಣ್ಣು ತೇವವಾದವು. ಮಧ್ಯಸ್ಥರೆಂದಾಗ ಗಾಣಗಾಪುರದ ನಮ್ಮ ಓಣಿಗೆ ಮಧ್ಯಾಹ್ನ ಜೋಳಿಗೆ ಹಿಡಿದು ಮಧುಕರಿಗೆ ಬರುವ ದತ್ತಭಕ್ತರು ನೆನಪಾದರು. ಊರು, ಕುಲ ಕೇಳದೆ ನಮ್ಮ ಮನೆಯವರು ಅವರಿಗೆ ರೊಟ್ಟಿ ನೀಡುತ್ತಾರೆ. ಇಲ್ಲಿಯವರೆಗೆ ಎಲ್ಲವೂ ಸುಲಭವಾಗಿತ್ತು.

ನಾಲ್ಕನೆಯ ಹಂತದಲ್ಲಿ ಒಡಹುಟ್ಟಿದ ತಮ್ಮನ ಮುಖ ಬಂದಿತು. ಹೊಲದ ಬದುವಿನ ಜಗಳದಿಂದ 11 ವರ್ಷ ನಾವಿಬ್ಬರೂ ಮಾತನಾಡಿರಲಿಲ್ಲ. 2020ರ ಅಕ್ಟೋಬರದಲ್ಲಿ ಭೀಮೆಗೆ ಮಹಾಪೂರ ಬಂದು ಅವನ ತೊಗರಿಯೆಲ್ಲ ಕೊಳೆತುಹೋಯಿತು. ಆಗಲೂ ನಾನು ಹೋಗಿ ವಿಚಾರಿಸಲಿಲ್ಲ. ಅದೇ ವಾರ ಅರಳಗುಂಡಗಿಯ ಶರಣಬಸವೇಶ್ವರರು ಹೊಲಕ್ಕೆ ಬಂದ ಹಕ್ಕಿಗಳಿಗೆ ಕಾಳು ಬಿಟ್ಟು ನೀರಿಟ್ಟ ಕಥೆಯನ್ನು ಭಕ್ತರಿಗೆ ಹೇಳಿ, ಅವರ ಕಣ್ಣಲ್ಲಿ ನೀರು ತರಿಸಿದ್ದೆ! ಗುರುತಿಲ್ಲದವನಿಗೆ ರೊಟ್ಟಿ ನೀಡುವ ಮನೆಯಿಂದ ತಮ್ಮನ ಮನೆಗೆ ದಾರಿಯಿರಲಿಲ್ಲ. ಅಂದು ಮೊಬೈಲನ್ನು ಆರಿಸಿ ಎದ್ದುಬಿಟ್ಟೆನು.

ಆದರೆ ಮರುದಿನ ಮತ್ತೆ ಕುಳಿತೆನು. ಹದಿನೈದು ದಿನ ಆ ಹಾರೈಕೆ ತುಟಿಯಲ್ಲಿಯೇ ಇತ್ತು. ಮನಸ್ಸಿನಲ್ಲಿ ಪ್ರೀತಿ ಮೂಡಿದ ಮೇಲೆ ಒಳಿತು ಬಯಸಬೇಕೆಂದು ತಿಳಿದಿದ್ದೆ. ದಂಡ ಹೊಡೆಯುವ ಹುಡುಗನಿಗೆ ಕಸುವು ಮೊದಲೇ ಬಂದಿರುವುದಿಲ್ಲ. ಹೊಡೆಯುತ್ತ ಹೊಡೆಯುತ್ತ ಬರುತ್ತದೆ. ಮನಸ್ಸಿನದೂ ಇದೇ ರೀತಿ. ಒಂದು ಬೆಳಿಗ್ಗೆ ಬದುವಿನ ಬದಲು ಬೇರೊಂದು ಚಿತ್ರ ಕಂಡಿತು. ನನ್ನನ್ನು ಮಠಕ್ಕೆ ಕಳಿಸಿದ ದಿನ ಆರು ವರ್ಷದ ತಮ್ಮ ಅಳುತ್ತ ಚಕ್ಕಡಿಯ ಹಿಂದೆ ಓಡಿ ಬಂದಿದ್ದನು.

ಅಂದು ಸಂಜೆ ಅವನ ಬಾಗಿಲಲ್ಲಿ ನಿಂತೆನು. ಬಹಳ ಹೊತ್ತು ಸುಮ್ಮನಿದ್ದು, "ಒಳಗ ಬರ್ರಿ ಅಣ್ಣಾ, ಚಹಾ ಕುಡೀರಿ" ಎಂದನು. ಬದುವಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಆ ವ್ಯಾಜ್ಯ ಇನ್ನೂ ಬಗೆಹರಿದಿಲ್ಲ. ಆದರೆ ಚಹಾ ಮುಂದುವರಿದಿದೆ.

ಈಗ ಇಷ್ಟಲಿಂಗಾರ್ಚನೆಯ ಬಳಿಕ ಕಾಲುಗಂಟೆ ಈ ಅಭ್ಯಾಸಕ್ಕೆ ಮೀಸಲು. ಬಂಧುಗಳೆ, ತಾವೂ ಮಾಡಿ ನೋಡಿರಿ. ಮೊದಲ ದಿನವೇ ವೈರಿಯಿಂದ ತೊಡಗಬೇಡಿರಿ. ಬುದ್ಧಘೋಷನೂ ಅದನ್ನು ಬೇಡವೆನ್ನುತ್ತಾನೆ. ಆದರೆ ಅಲ್ಲಿಗೆ ಮುಟ್ಟುವ ಮೊದಲೇ ಎದ್ದುಬಿಡಬೇಡಿರಿ. ದಯೆಯನ್ನು ಕುರಿತು ನಲವತ್ತು ವರ್ಷ ಮಾತನಾಡಿದವನ ಅನುಭವವಿದು.